ಚಂದ್ರಶೇಖರ್ ಅವರ ಏಳು ತಿಂಗಳ ಸರ್ಕಾರ: ಚಿನ್ನದ ಅಡಮಾನಕ್ಕಿಂತ ಆಚೆಗೆ ಏನಾದರೂ ಇದೆಯೇ?

ಪ್ರಶ್ನೆ | ಹೊಸ ಓದುಗ

ಸ್ವಾತಂತ್ರ್ಯೋತ್ತರ ಭಾರತದ ರಾಜಕೀಯವನ್ನು ಕುರಿತ ಬರಹಗಳಲ್ಲಿ ವಿ.ಪಿ. ಸಿಂಗ್ ಅವರ ಅವಧಿಗೆ ಹಲವು ಪುಟಗಳು ದೊರೆಯುತ್ತವೆ, ನರಸಿಂಹ ರಾವ್ ಅವರ ಅವಧಿಗೆ ಅದಕ್ಕಿಂತಲೂ ಹೆಚ್ಚು. ಇವೆರಡರ ನಡುವೆ, 1990ರ ನವೆಂಬರ್ 10ರಿಂದ 1991ರ ಜೂನ್ 21ರವರೆಗೆ, ಪ್ರಧಾನಿಯಾಗಿದ್ದ ಚಂದ್ರಶೇಖರ್ ಅವರಿಗೆ ಸಿಗುವುದು ಹೆಚ್ಚೆಂದರೆ ಎರಡು ವಾಕ್ಯ. ದೇಶದ ಚಿನ್ನವನ್ನು ಒತ್ತೆಯಿಟ್ಟರು ಎಂಬುದು ಒಂದು, ಇಬ್ಬರು ಪೊಲೀಸ್ ಪೇದೆಗಳ ಕಾರಣಕ್ಕೆ ಅಧಿಕಾರ ಕಳೆದುಕೊಂಡರು ಎಂಬುದು ಇನ್ನೊಂದು. ಮೂರು ದಶಕಗಳ ಕಾಲ ಸಮಾಜವಾದಿ ರಾಜಕಾರಣದಲ್ಲಿದ್ದು, ಒಮ್ಮೆಯೂ ಮಂತ್ರಿಯಾಗದೆ ನೇರವಾಗಿ ಪ್ರಧಾನಿ ಹುದ್ದೆಗೇರಿದ ವ್ಯಕ್ತಿಯ ಬಗ್ಗೆ ಇಷ್ಟೇ ಹೇಳಿ ಮುಗಿಸುವುದು ನ್ಯಾಯವೇ? ಅವರು ಆ ಸ್ಥಾನಕ್ಕೆ ಬಂದದ್ದು ಹೇಗೆ, ಆ ಅವಧಿಯಲ್ಲಿ ನಿಜಕ್ಕೂ ಏನಾಯಿತು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಅಭಿಮಾನದ ಮಾತಾಗಲಿ ನಿಂದೆಯಾಗಲಿ ಬೇಡ. ಘಟನೆಗಳ ಸರಣಿ ಸ್ಪಷ್ಟವಾದರೆ ಸಾಕು.

ಉತ್ತರ | ಸಂಸತ್ತಿನ ಗ್ಯಾಲರಿ

ಆ ಏಳು ತಿಂಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಅದಕ್ಕೆ ಹಿಂದಿನ ಮೂವತ್ತು ವರ್ಷಗಳಿಂದಲೇ ಆರಂಭಿಸಬೇಕಾಗುತ್ತದೆ. ಚಂದ್ರಶೇಖರ್ ಹುಟ್ಟಿದ್ದು 1927ರಲ್ಲಿ, ಉತ್ತರ ಪ್ರದೇಶದ ಪೂರ್ವದಂಚಿನ ಬಲಿಯಾ ಜಿಲ್ಲೆಯ ಇಬ್ರಾಹಿಂಪಟ್ಟಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ, ಆಚಾರ್ಯ ನರೇಂದ್ರ ದೇವ ಅವರ ಪ್ರಭಾವದಲ್ಲಿ ಸಮಾಜವಾದಿ ಚಳವಳಿಗೆ ಧುಮುಕಿದರು. ಪ್ರಜಾ ಸಮಾಜವಾದಿ ಪಕ್ಷದ ಜಿಲ್ಲಾ ಘಟಕದಿಂದ ರಾಜ್ಯ ಘಟಕಕ್ಕೆ ಏರಿ, 1962ರಲ್ಲಿ ರಾಜ್ಯಸಭೆ ಪ್ರವೇಶಿಸಿದರು. 1965ರಲ್ಲಿ ಕಾಂಗ್ರೆಸ್ ಸೇರಿದರು. ಮೋಹನ್ ಧಾರಿಯಾ, ಕೃಷ್ಣಕಾಂತ್, ರಾಮ್ ಧನ್ ಮೊದಲಾದವರೊಂದಿಗೆ ‘ಯುವ ತುರ್ಕಿ’ಗಳೆಂದು ಹೆಸರಾದದ್ದು ಆ ಮೇಲಿನ ವರ್ಷಗಳಲ್ಲಿ. ಏಕಸ್ವಾಮ್ಯದ ಉದ್ಯಮ ಮನೆತನಗಳ ವಿರುದ್ಧ ಆಳುವ ಪಕ್ಷದ ಒಳಗಿನಿಂದಲೇ ಸದನದಲ್ಲಿ ದನಿಯೆತ್ತುವುದು, ಬ್ಯಾಂಕುಗಳ ರಾಷ್ಟ್ರೀಕರಣಕ್ಕೆ ಒತ್ತಾಯಿಸುವುದು ಆ ಗುಂಪಿನ ಗುರುತಾಗಿತ್ತು. 1969ರಲ್ಲಿ ಪಕ್ಷ ಒಡೆದಾಗ ಅವರು ಇಂದಿರಾ ಗಾಂಧಿಯವರ ಜೊತೆ ನಿಂತರು.

ಆದರೆ ಆ ನಿಷ್ಠೆ ವ್ಯಕ್ತಿಗೆ ಸಂದದ್ದಾಗಿರಲಿಲ್ಲ. ಜಯಪ್ರಕಾಶ ನಾರಾಯಣರ ಚಳವಳಿ ಬಿರುಸುಗೊಂಡಾಗ, ಅವರೊಂದಿಗೆ ಸಂಘರ್ಷ ಬೇಡ, ಮಾತುಕತೆ ನಡೆಸಬೇಕು ಎಂದು ಕಾಂಗ್ರೆಸ್ಸಿನಲ್ಲಿದ್ದುಕೊಂಡೇ ವಾದಿಸಿದ ಕೆಲವರಲ್ಲಿ ಅವರೂ ಒಬ್ಬರು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾದಾಗ, ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದರೂ ಆಂತರಿಕ ಭದ್ರತಾ ಕಾಯ್ದೆಯಡಿ ಬಂಧಿತರಾಗಿ, ಬಹುಕಾಲವನ್ನು ಪಟಿಯಾಲದ ಜೈಲಿನಲ್ಲಿ ಒಂಟಿಯಾಗಿ ಕಳೆದರು. ಆಳುವ ಪಕ್ಷದ ಅತ್ಯುನ್ನತ ಸಮಿತಿಯ ಸದಸ್ಯನನ್ನು ಅದೇ ಪಕ್ಷದ ಸರ್ಕಾರ ಸೆರೆಗೆ ತಳ್ಳಿತು ಎಂಬುದನ್ನು, ಮುಂದೆ 1990ರಲ್ಲಿ ಅದೇ ಕಾಂಗ್ರೆಸ್ಸಿನ ಬೆಂಬಲವನ್ನು ಅವರು ಪಡೆದ ಸಂದರ್ಭದಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು.

1977ರಲ್ಲಿ ಬಲಿಯಾದಿಂದ ಲೋಕಸಭೆಗೆ ಗೆದ್ದಾಗ ಮೊರಾರ್ಜಿ ದೇಸಾಯಿ ಸಂಪುಟಕ್ಕೆ ಸೇರದೆ ಜನತಾ ಪಕ್ಷದ ಅಧ್ಯಕ್ಷರಾದರು. ಪಕ್ಷ ಚೂರಾದ ಮೇಲೆ ಉಳಿದ ಭಾಗವನ್ನು ಹಿಡಿದುಕೊಂಡೇ 1983ರ ಜನವರಿ 6ರಂದು ಕನ್ಯಾಕುಮಾರಿಯಿಂದ ಪಾದಯಾತ್ರೆ ಹೊರಟರು. ಕುಡಿಯುವ ನೀರು, ಪ್ರಾಥಮಿಕ ಶಿಕ್ಷಣ, ಆರೋಗ್ಯ, ಅಪೌಷ್ಟಿಕತೆಯ ನಿವಾರಣೆ, ಸಾಮಾಜಿಕ ಸೌಹಾರ್ದ ಎಂಬ ವಿಷಯಗಳನ್ನಿಟ್ಟುಕೊಂಡು ಸುಮಾರು 4,260 ಕಿಲೋಮೀಟರ್ ನಡೆದು, ತುರ್ತುಪರಿಸ್ಥಿತಿಯ ವಾರ್ಷಿಕ ದಿನವಾದ ಜೂನ್ 25ರಂದು ದೆಹಲಿಯ ರಾಜಘಾಟ್ ತಲುಪಿದರು. ನಮ್ಮ ಓದುಗರಿಗೆ ಇಲ್ಲೊಂದು ಸ್ವಾರಸ್ಯವಿದೆ: ಯಾತ್ರೆ ಹೊರಟ ನಾಲ್ಕು ದಿನಗಳ ನಂತರ, ಅಂದರೆ ಜನವರಿ 10ರಂದು, ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪಕ್ಷಕ್ಕೆ ದಕ್ಷಿಣದಲ್ಲಿ ಅಪರೂಪದ ಅಧಿಕಾರ ದಕ್ಕಿದ ವಾರದಲ್ಲಿ ಪಕ್ಷದ ರಾಷ್ಟ್ರಾಧ್ಯಕ್ಷರು ರಸ್ತೆಯ ಮೇಲಿದ್ದರು. ಯಾತ್ರೆ ಹೆಸರು ತಂದಿತಾದರೂ ಮತ ತರಲಿಲ್ಲ. ಇಂದಿರಾ ಹತ್ಯೆಯ ನಂತರದ 1984ರ ಅಲೆಯಲ್ಲಿ ಅವರು ಬಲಿಯಾದಲ್ಲೇ ಸೋತರು.

ಪ್ರಧಾನಿ ಪಟ್ಟದ ಕಥೆಯ ಮೊದಲ ಅಂಕ ನಡೆದದ್ದು 1989ರ ಡಿಸೆಂಬರ್ 1ರಂದು, ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ. ಜನತಾ ದಳದ ಸಂಸದೀಯ ಪಕ್ಷದ ನಾಯಕತ್ವಕ್ಕೆ ದೇವಿಲಾಲ್ ಅವರ ಹೆಸರನ್ನು ವಿ.ಪಿ. ಸಿಂಗ್ ಸೂಚಿಸಿದರು, ಚಂದ್ರಶೇಖರ್ ಅನುಮೋದಿಸಿದರು, ಆಯ್ಕೆಯೂ ಘೋಷಣೆಯಾಯಿತು. ಮರುಕ್ಷಣವೇ ದೇವಿಲಾಲ್ ಎದ್ದುನಿಂತು, ಆ ಸ್ಥಾನ ವಿ.ಪಿ. ಸಿಂಗ್ ಅವರಿಗೇ ಸಲ್ಲಬೇಕೆಂದರು. ತಮ್ಮ ಬೆನ್ನ ಹಿಂದೆ ಮೊದಲೇ ಏರ್ಪಾಡಾಗಿದ್ದ ನಾಟಕವಿದು ಎಂದು ಭಾವಿಸಿದ ಚಂದ್ರಶೇಖರ್ ಸಭೆಯಿಂದ ಹೊರನಡೆದರು. 1988ರ ಅಕ್ಟೋಬರ್ 11ರಂದು ಬೆಂಗಳೂರಿನಲ್ಲಿ ಜನತಾ ದಳ ಹುಟ್ಟಿದಾಗ ತಮ್ಮ ಜನತಾ ಪಕ್ಷವನ್ನು ಅದರಲ್ಲಿ ವಿಲೀನಗೊಳಿಸಿದ್ದ ಅವರಿಗೆ ಈ ಗಾಯ ಮಾಯಲಿಲ್ಲ. ಹನ್ನೊಂದು ತಿಂಗಳ ನಂತರ, ಅಡ್ವಾಣಿಯವರ ರಥಯಾತ್ರೆಯನ್ನು ಸಮಸ್ತಿಪುರದಲ್ಲಿ ತಡೆದ ಕಾರಣಕ್ಕೆ ಭಾರತೀಯ ಜನತಾ ಪಕ್ಷ ಬೆಂಬಲ ಹಿಂತೆಗೆದುಕೊಂಡು, ನವೆಂಬರ್ 7ರಂದು 142 ಮತಗಳ ಎದುರು 346 ಮತಗಳಿಂದ ಸರ್ಕಾರ ಬಿದ್ದಾಗ, ಅರವತ್ತರ ಆಸುಪಾಸಿನ ಸಂಸದರೊಂದಿಗೆ ಅವರು ಅದಾಗಲೇ ಬೇರೆಯಾಗಿದ್ದರು. 1989ರ ಚುನಾವಣೆಯಲ್ಲಿ 197 ಸ್ಥಾನ ಗೆದ್ದಿದ್ದ ಕಾಂಗ್ರೆಸ್ ಹೊರಗಿನಿಂದ ಬೆಂಬಲಿಸಿತು. ಸರ್ಕಾರದ ಆಯಸ್ಸು ನಿರ್ಧಾರವಾದದ್ದು ಅರವತ್ತು ಮತ್ತು 197 ಎಂಬ ಈ ಎರಡು ಸಂಖ್ಯೆಗಳ ಅಂತರದಲ್ಲಿ ಎಂಬುದು ನನ್ನ ಅಭಿಪ್ರಾಯ. ಉಳಿದ ಘಟನೆಗಳೆಲ್ಲ ಆ ಅಂತರದ ಒಳಗೇ ನಡೆದವು.

ಉತ್ತರ | ಲೆಕ್ಕಪತ್ರ

ಚಿನ್ನದ ವಿಷಯದಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳನ್ನು ಜನರು ಒಂದಾಗಿ ಕಲಸಿಬಿಟ್ಟಿದ್ದಾರೆ. ಅದನ್ನು ಬಿಡಿಸಿ ಹೇಳುವುದು ಅಗತ್ಯ. ಚಂದ್ರಶೇಖರ್ ಸರ್ಕಾರದ ಕೊನೆಯ ದಿನಗಳಲ್ಲಿ, 1991ರ ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ಮುಟ್ಟುಗೋಲು ಹಾಕಿಕೊಂಡು ಸರ್ಕಾರದ ಬಳಿಯಿದ್ದ ಚಿನ್ನದಲ್ಲಿ 20 ಟನ್ನುಗಳನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ಮೂಲಕ, ಮರುಖರೀದಿಯ ಹಕ್ಕನ್ನು ಉಳಿಸಿಕೊಂಡು, ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಮಾರಿ ಸುಮಾರು 20 ಕೋಟಿ ಡಾಲರ್ ಎತ್ತಲಾಯಿತು. ವಿಮಾನದಲ್ಲಿ ಚಿನ್ನ ಸಾಗಿಸಿದ ಸುದ್ದಿಯಿಂದ ದೇಶ ತಲ್ಲಣಿಸಿದ್ದು ಮಾತ್ರ ಇನ್ನೊಂದು ವ್ಯವಹಾರದಲ್ಲಿ. ರಿಸರ್ವ್ ಬ್ಯಾಂಕಿನ ಸ್ವಂತ ಸಂಗ್ರಹದಿಂದ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆಯಿಟ್ಟು 40 ಕೋಟಿ ಡಾಲರಿಗೂ ತುಸು ಹೆಚ್ಚು ಪಡೆದದ್ದು ಜುಲೈ ತಿಂಗಳಲ್ಲಿ, ಅಂದರೆ ನರಸಿಂಹ ರಾವ್ ಪ್ರಧಾನಿಯಾಗಿ, ಮನಮೋಹನ್ ಸಿಂಗ್ ಹಣಕಾಸು ಸಚಿವರಾದ ಮೇಲೆ. ಎರಡನೆಯದನ್ನು ಸುಧಾರಣೆಯ ಮುನ್ನುಡಿಯೆಂದು ಹೊಗಳಿ, ಮೊದಲನೆಯದನ್ನು ದೇಶಕ್ಕಾದ ಅವಮಾನವೆಂದು ತೆಗಳುವವರು ನನಗೆ ಆಗಾಗ ಸಿಗುತ್ತಾರೆ. ಎರಡೂ ಒಂದೇ ಬಿಕ್ಕಟ್ಟಿನ ಎರಡು ಕಂತುಗಳು.

ಬಿಕ್ಕಟ್ಟು ಈ ಸರ್ಕಾರದ ಸೃಷ್ಟಿಯಾಗಿರಲಿಲ್ಲ. ಎಂಬತ್ತರ ದಶಕದುದ್ದಕ್ಕೂ ಬೆಳೆದ ವಿತ್ತೀಯ ಕೊರತೆ ಮತ್ತು ವಿದೇಶಿ ಸಾಲದ ಮೇಲೆ, 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆಯೇರಿಕೆ ಬಂದು ಕೂತಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ನಿಂತಿತು, ಅನಿವಾಸಿ ಭಾರತೀಯರು ಠೇವಣಿ ಹಿಂತೆಗೆಯತೊಡಗಿದರು. 1991ರ ಜನವರಿಯ ಹೊತ್ತಿಗೆ ವಿದೇಶಿ ವಿನಿಮಯ ಸಂಗ್ರಹ 100 ಕೋಟಿ ಡಾಲರಿನ ಆಸುಪಾಸಿಗೆ ಕುಸಿದಿತ್ತು. ಅದು ಕೆಲವೇ ವಾರಗಳ ಆಮದಿಗೆ ಸಾಲುತ್ತಿತ್ತು. ಆ ತಿಂಗಳು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸುಮಾರು 180 ಕೋಟಿ ಡಾಲರ್ ನೆರವು ದೊರೆತದ್ದರಿಂದ ದೇಶ ಸಾಲ ಮರುಪಾವತಿಯಲ್ಲಿ ತಪ್ಪದೆ ಉಳಿಯಿತು. ಏಕಸ್ವಾಮ್ಯ ಬಂಡವಾಳದ ವಿರುದ್ಧ ಜೀವಮಾನವಿಡೀ ಮಾತನಾಡಿದ ಸಮಾಜವಾದಿಯೊಬ್ಬರು ಹಣಕಾಸು ನಿಧಿಯ ಬಾಗಿಲಿಗೆ ಹೋಗಬೇಕಾಯಿತು ಎಂಬ ವಿಪರ್ಯಾಸವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೇರೆ ದಾರಿಯನ್ನು ಆಗಿನ ಟೀಕಾಕಾರರಲ್ಲಿ ಯಾರೂ ತೋರಿಸಿರಲಿಲ್ಲ.

ಬಿಕ್ಕಟ್ಟನ್ನು ಎದುರಿಸಲು ಅವರು ಆರಿಸಿಕೊಂಡ ಜನರನ್ನೂ ಗಮನಿಸಬೇಕು. ಹಣಕಾಸು ಸಚಿವರು ಯಶವಂತ ಸಿನ್ಹಾ. ಆರ್ಥಿಕ ಸಲಹೆಗಾರರಾಗಿ ಕರೆಸಿಕೊಂಡದ್ದು ಮನಮೋಹನ್ ಸಿಂಗ್ ಅವರನ್ನು. 1990ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಬಂದ ಎಸ್. ವೆಂಕಟರಮಣನ್ ಅವರು ಕೇಂದ್ರದ ಹಣಕಾಸು ಕಾರ್ಯದರ್ಶಿಯಾಗಿದ್ದವರು, ಕರ್ನಾಟಕ ಸರ್ಕಾರದ ಸಲಹೆಗಾರರೂ ಆಗಿದ್ದವರು. ಜುಲೈನಲ್ಲಿ ಮುಂದಿನ ಸರ್ಕಾರ ರೂಪಾಯಿಯ ಅಪಮೌಲ್ಯ ಮತ್ತು ಚಿನ್ನದ ಅಡಮಾನವನ್ನು ಕೈಗೊಂಡಾಗ ರಿಸರ್ವ್ ಬ್ಯಾಂಕಿನ ಚುಕ್ಕಾಣಿ ಇವರ ಕೈಯಲ್ಲೇ ಇತ್ತು.

ನಿಜವಾದ ಪೆಟ್ಟು ಬಿದ್ದದ್ದು ಬಜೆಟ್ಟಿನಲ್ಲಿ. ಫೆಬ್ರವರಿಯ ಅಂತ್ಯಕ್ಕೆ ಪೂರ್ಣ ಬಜೆಟ್ ಮಂಡಿಸಲು ಸಿನ್ಹಾ ಸಿದ್ಧರಾಗಿದ್ದರು. ಕಾಂಗ್ರೆಸ್ ಅದಕ್ಕೆ ಒಪ್ಪಲಿಲ್ಲ. ಮಾರ್ಚ್ 4ರಂದು ಕೇವಲ ಮಧ್ಯಂತರ ಬಜೆಟ್ ಮಂಡನೆಯಾಗಿ, ಕೆಲವು ತಿಂಗಳ ಖರ್ಚಿಗಷ್ಟೇ ಸದನದ ಒಪ್ಪಿಗೆಯಾದ ಲೇಖಾನುದಾನಕ್ಕೆ ತೃಪ್ತಿಪಡಬೇಕಾಯಿತು. ಕೊರತೆಯನ್ನು ಇಳಿಸುತ್ತೇವೆಂಬ ಭರವಸೆಗೆ ಬಜೆಟ್ಟಿನ ಆಧಾರವೇ ಇಲ್ಲದಾದಾಗ ಮುಂದಿನ ಕಂತಿನ ಸಾಲ ಹುಟ್ಟಲಿಲ್ಲ, ಸಾಲದ ಶ್ರೇಯಾಂಕ ಇಳಿಯಿತು, ಮೇ ತಿಂಗಳಲ್ಲಿ ಚಿನ್ನಕ್ಕೆ ಕೈಹಾಕಬೇಕಾಯಿತು. ಚಿನ್ನ ಹೊರಹೋದದ್ದಕ್ಕೆ ಚಂದ್ರಶೇಖರ್ ಅವರೊಬ್ಬರನ್ನೇ ಹೊಣೆಯಾಗಿಸುವವರು ಈ ಬಜೆಟ್ಟಿನ ಪ್ರಸಂಗವನ್ನು ಹಾರಿಸಿಬಿಡುತ್ತಾರೆ.

ಉತ್ತರ | ಒಕ್ಕೂಟವಾದಿ

ಮೇಲಿನ ಇಬ್ಬರೂ ಬರೆದದ್ದರಲ್ಲಿ ಸಂಗತಿಗಳು ಸರಿಯಾಗಿವೆ, ಆದರೆ ತಕ್ಕಡಿ ಒಂದು ಕಡೆಗೆ ವಾಲಿದೆ ಎನಿಸುತ್ತದೆ. ಕಾಂಗ್ರೆಸ್ಸಿನ ಹಿಡಿತದಲ್ಲಿದ್ದರು ಎಂಬುದು ಅವರ ವೈಫಲ್ಯಗಳಿಗೆ ವಿವರಣೆಯಾದೀತೇ ಹೊರತು ಸಮರ್ಥನೆಯಾಗಲಾರದು. ಆ ಷರತ್ತುಗಳನ್ನು ತಿಳಿದೇ ಅವರು ಹುದ್ದೆ ಒಪ್ಪಿಕೊಂಡರು. 1979ರಲ್ಲಿ ಇದೇ ಕಾಂಗ್ರೆಸ್ಸಿನ ಬೆಂಬಲವನ್ನು ನಂಬಿ ಪ್ರಧಾನಿಯಾದ ಚರಣ್ ಸಿಂಗ್ ಒಂದು ದಿನವೂ ಲೋಕಸಭೆಯನ್ನು ಎದುರಿಸಲಾಗದೆ ರಾಜೀನಾಮೆ ಕೊಟ್ಟದ್ದು ಆಗ ಜನತಾ ಪಕ್ಷದ ಅಧ್ಯಕ್ಷರಾಗಿದ್ದ ಚಂದ್ರಶೇಖರ್ ಅವರ ಕಣ್ಣೆದುರೇ ನಡೆದಿತ್ತು.

ಒಕ್ಕೂಟ ವ್ಯವಸ್ಥೆಯ ದೃಷ್ಟಿಯಿಂದ ಆ ಏಳು ತಿಂಗಳು ಒಳ್ಳೆಯ ಕಾಲವಾಗಿರಲಿಲ್ಲ. ನವೆಂಬರ್ ಅಂತ್ಯದಲ್ಲಿ ಅಸ್ಸಾಮಿನ ಪ್ರಫುಲ್ಲ ಮಹಂತ ಸರ್ಕಾರದ ಬದಲು ರಾಷ್ಟ್ರಪತಿ ಆಳ್ವಿಕೆ ಬಂದು, ಉಲ್ಫಾ ಎಂಬ ಪ್ರತ್ಯೇಕತಾವಾದಿ ಸಶಸ್ತ್ರ ಸಂಘಟನೆಯ ವಿರುದ್ಧ ಸೇನಾ ಕಾರ್ಯಾಚರಣೆ ಆರಂಭವಾಯಿತು. ಅಲ್ಲಿನ ಹಿಂಸೆಯ ಪ್ರಮಾಣವನ್ನು ನೋಡಿದರೆ ಅದಕ್ಕೆ ಕಾರಣವಿತ್ತೆಂದು ವಾದಿಸಬಹುದು. 1991ರ ಜನವರಿ 30ರಂದು ತಮಿಳುನಾಡಿನಲ್ಲಿ ಕರುಣಾನಿಧಿ ಸರ್ಕಾರವನ್ನು ವಜಾ ಮಾಡಿದ್ದಕ್ಕೆ ಅಂತಹ ವಾದವೂ ಗಟ್ಟಿಯಾಗಿ ನಿಲ್ಲದು. ಶ್ರೀಲಂಕಾದ ತಮಿಳು ಉಗ್ರಗಾಮಿ ಸಂಘಟನೆ ಎಲ್‌ಟಿಟಿಇಯ ಚಟುವಟಿಕೆಗೆ ಅವಕಾಶ ಕೊಟ್ಟರು ಎಂಬುದು ಆರೋಪ. ರಾಜ್ಯಪಾಲರಾಗಿದ್ದ ಸುರ್ಜಿತ್ ಸಿಂಗ್ ಬರ್ನಾಲ ಅವರು ವಜಾ ಮಾಡಬೇಕೆಂಬ ವರದಿ ಕೊಡಲು ಒಪ್ಪಲಿಲ್ಲ. ರಾಜ್ಯಪಾಲರ ವರದಿಯಿಲ್ಲದೆಯೂ ರಾಷ್ಟ್ರಪತಿಗೆ ಮನವರಿಕೆಯಾದರೆ ಸಾಕೆಂಬ 356ನೇ ವಿಧಿಯ ಅವಕಾಶವನ್ನು ಬಳಸಿ, ಸದನದಲ್ಲಿ ಸ್ಪಷ್ಟ ಬಹುಮತವಿದ್ದ ಸರ್ಕಾರವನ್ನು ಕೆಡವಲಾಯಿತು. ಬರ್ನಾಲ ಅವರನ್ನು ಬಿಹಾರಕ್ಕೆ ವರ್ಗಾಯಿಸಿದಾಗ ಅವರು ಹೋಗದೆ ರಾಜೀನಾಮೆ ಕೊಟ್ಟರು. ಈ ವಜಾಕ್ಕಾಗಿ ಒತ್ತಡ ಹೇರಿದ್ದು ಕಾಂಗ್ರೆಸ್ ಮತ್ತು ಅದರ ಮಿತ್ರಪಕ್ಷ ಅಣ್ಣಾ ಡಿಎಂಕೆ. ಸಹಿ ಹಾಕಿದ್ದು ಮಾತ್ರ ತುರ್ತುಪರಿಸ್ಥಿತಿಯ ಸೆರೆಮನೆ ಕಂಡಿದ್ದ ಪ್ರಧಾನಿಯ ಸಂಪುಟ. ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಇಂತಹ ವಜಾಗಳಿಗೆ ಕಡಿವಾಣ ಹಾಕಿದ ಮೇಲೆ ನಾವು ಈ ಘಟನೆಯನ್ನು ಇನ್ನಷ್ಟು ಕಠಿಣವಾಗಿ ನೋಡಬೇಕಾಗುತ್ತದೆ.

ಸರ್ಕಾರದ ಹುಟ್ಟಿನಲ್ಲೇ ಇದ್ದ ಪಕ್ಷಾಂತರದ ಪ್ರಶ್ನೆಯೂ ಉಳಿದುಕೊಂಡಿತ್ತು. ಲೋಕಸಭಾಧ್ಯಕ್ಷ ರಬಿ ರೇ ಅವರು ಜನವರಿಯಲ್ಲಿ ಹಲವು ಸದಸ್ಯರನ್ನು ಪಕ್ಷಾಂತರ ನಿಷೇಧ ಕಾಯ್ದೆಯಡಿ ಅನರ್ಹಗೊಳಿಸಿದರು; ಅವರಲ್ಲಿ ವಿದೇಶಾಂಗ ಸಚಿವ ವಿದ್ಯಾಚರಣ ಶುಕ್ಲಾ ಕೂಡ ಇದ್ದರು. ಕೊಲ್ಲಿಯಲ್ಲಿ ಯುದ್ಧ ಆರಂಭವಾಗಲಿದ್ದ ಹೊತ್ತಿನಲ್ಲಿ ದೇಶದ ವಿದೇಶಾಂಗ ಸಚಿವರ ಸದಸ್ಯತ್ವವೇ ರದ್ದಾದದ್ದು ಸಣ್ಣ ಸಂಗತಿಯಲ್ಲ. ಅದೇ ದಿನಗಳಲ್ಲಿ ಫಿಲಿಪೀನ್ಸಿನಿಂದ ಕೊಲ್ಲಿಗೆ ಹೋಗುತ್ತಿದ್ದ ಅಮೆರಿಕದ ಸೇನಾ ವಿಮಾನಗಳಿಗೆ ಭಾರತದ ನಿಲ್ದಾಣಗಳಲ್ಲಿ ಇಂಧನ ತುಂಬಿಸಿಕೊಳ್ಳಲು ಅನುಮತಿ ನೀಡಿದ್ದು ಬಯಲಾಗಿ, ರಾಜೀವ್ ಗಾಂಧಿ ಬಹಿರಂಗವಾಗಿ ವಿರೋಧಿಸಿದ ಮೇಲೆ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಮರುಪ್ರಶ್ನೆ | ಹೊಸ ಓದುಗ

ಮೂವರಿಗೂ ಧನ್ಯವಾದಗಳು. ಹಾಗಾದರೆ ಪೇದೆಗಳ ಪ್ರಕರಣ ಕೇವಲ ನೆಪವೇ? ತಮಿಳುನಾಡಿನ ವಿಷಯದಲ್ಲಿ ಕಾಂಗ್ರೆಸ್ಸಿನ ಮಾತು ಕೇಳಿದವರು, ಒಂದೇ ತಿಂಗಳ ನಂತರ ಅದೇ ಕಾಂಗ್ರೆಸ್ಸಿಗೆ ಸೊಪ್ಪು ಹಾಕದೆ ರಾಜೀನಾಮೆ ಕೊಟ್ಟದ್ದು ಏಕೆ?

ಉತ್ತರ | ಸಂಸತ್ತಿನ ಗ್ಯಾಲರಿ

ರಾಜೀವ್ ಗಾಂಧಿಯವರ ನಿವಾಸವಾದ ಜನಪಥ 10ರ ಹೊರಗೆ ಹರಿಯಾಣ ಪೊಲೀಸ್ ಗುಪ್ತಚರ ವಿಭಾಗದ ಇಬ್ಬರು ಪೇದೆಗಳು ಸಿಕ್ಕಿಬಿದ್ದರು. ತಮ್ಮ ನಾಯಕನ ಮೇಲೆ ಗೂಢಚರ್ಯೆ ನಡೆಯುತ್ತಿದೆ ಎಂದು ಆರೋಪಿಸಿ ಕಾಂಗ್ರೆಸ್ ಲೋಕಸಭೆಯನ್ನು ಬಹಿಷ್ಕರಿಸಿತು. ಹರಿಯಾಣದ ರಾಜಕಾರಣ ದೇವಿಲಾಲ್ ಕುಟುಂಬದ ಹಿಡಿತದಲ್ಲಿತ್ತು, ದೇವಿಲಾಲ್ ಉಪಪ್ರಧಾನಿಯಾಗಿದ್ದರು. ಬಾಣ ಯಾರ ಕಡೆಗೆ ಎಂಬುದು ಸ್ಪಷ್ಟವಾಗಿತ್ತು. ಆಗ ಸದನದ ಮುಂದಿದ್ದದ್ದು ರಾಷ್ಟ್ರಪತಿಗಳ ಭಾಷಣಕ್ಕೆ ವಂದನಾ ನಿರ್ಣಯ. ಆ ನಿರ್ಣಯ ಸೋತರೆ ಸರ್ಕಾರ ಸೋತಂತೆ. ಕಾಂಗ್ರೆಸ್ ಬೆಂಬಲವನ್ನು ಔಪಚಾರಿಕವಾಗಿ ಹಿಂತೆಗೆದುಕೊಂಡಿರಲಿಲ್ಲ. ಪ್ರಧಾನಿ ತಾವಾಗಿ ಬಂದು ರಿಯಾಯಿತಿ ಕೇಳುತ್ತಾರೆ, ಆಗ ಷರತ್ತುಗಳನ್ನು ಇನ್ನಷ್ಟು ಬಿಗಿಗೊಳಿಸಬಹುದು ಎಂಬ ಲೆಕ್ಕಾಚಾರ ಅವರಲ್ಲಿದ್ದಂತೆ ಕಾಣುತ್ತದೆ. ಚಂದ್ರಶೇಖರ್ ಆ ಅವಕಾಶ ಕೊಡಲಿಲ್ಲ. ಮಾರ್ಚ್ 6ರಂದು ಸದನದಲ್ಲಿ ಚರ್ಚೆಗೆ ಉತ್ತರಿಸುತ್ತ ರಾಜೀನಾಮೆ ಘೋಷಿಸಿ, ಹೊಸ ಚುನಾವಣೆಗೆ ಶಿಫಾರಸು ಮಾಡಿ, ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಬಳಿಗೆ ಹೋದರು.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಜನವರಿಯಲ್ಲಿ ಬಾಗಿದರೆ ಬಜೆಟ್ ದಾಟಬಹುದು ಎಂಬ ಆಸೆ ಅವರಿಗಿದ್ದಿರಬೇಕು. ಮಾರ್ಚ್ ಮೊದಲ ವಾರದ ಹೊತ್ತಿಗೆ ಬಜೆಟ್ಟೂ ಕೈತಪ್ಪಿತ್ತು. ಆ ಮೇಲೆ ಬಾಗುವುದರಿಂದ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಒಕ್ಕೂಟವಾದಿಯವರ ಟೀಕೆಯನ್ನು ನಾನು ಒಪ್ಪುತ್ತೇನೆ, ಆದರೆ ಒಂದು ಸೇರ್ಪಡೆಯೊಂದಿಗೆ: ಕಾಂಗ್ರೆಸ್ಸಿನ ಒಪ್ಪಿಗೆ ಬೇಕಿಲ್ಲದ ಕ್ಷೇತ್ರಗಳಲ್ಲಿ ಈ ಮನುಷ್ಯ ಬೇರೆಯದೇ ರೀತಿಯಲ್ಲಿ ಕೆಲಸ ಮಾಡಿದರು. ಅಯೋಧ್ಯೆಯ ವಿಷಯದಲ್ಲಿ ವಿಶ್ವ ಹಿಂದೂ ಪರಿಷತ್ತನ್ನೂ ಬಾಬರಿ ಮಸೀದಿ ಕ್ರಿಯಾ ಸಮಿತಿಯನ್ನೂ ಡಿಸೆಂಬರ್‌ನಲ್ಲಿ ಒಂದೇ ಮೇಜಿಗೆ ತಂದು, ಶರದ್ ಪವಾರ್ ಮತ್ತು ಭೈರೋನ್ ಸಿಂಗ್ ಶೆಖಾವತ್ ಅವರನ್ನು ಮಧ್ಯವರ್ತಿಗಳನ್ನಾಗಿಸಿ, ಎರಡೂ ಕಡೆಯವರು ದಾಖಲೆಗಳನ್ನು ಪರಸ್ಪರ ಒಪ್ಪಿಸುವ ಮಟ್ಟಕ್ಕೆ ಒಯ್ದರು. ಅದು ಫೆಬ್ರವರಿಯಲ್ಲಿ ಮುರಿದುಬಿತ್ತು. ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ನಡೆದ ಸಾರ್ಕ್ ಶೃಂಗಸಭೆಯಲ್ಲಿ ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಅವರನ್ನು ಭೇಟಿಯಾದರು. ಪರಸ್ಪರರ ಪರಮಾಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂಬ 1988ರ ಒಪ್ಪಂದ ಜಾರಿಗೆ ಬಂದದ್ದು 1991ರ ಜನವರಿ 27ರಂದು. ಸೇನಾ ಕವಾಯತುಗಳ ಬಗ್ಗೆ ಮುನ್ಸೂಚನೆ ನೀಡುವ ಒಪ್ಪಂದಕ್ಕೆ ಭಾರತ ಮತ್ತು ಪಾಕಿಸ್ತಾನ ಸಹಿ ಹಾಕಿದ್ದು ಏಪ್ರಿಲ್ 6ರಂದು, ಅವರು ಹಂಗಾಮಿ ಪ್ರಧಾನಿಯಾಗಿದ್ದಾಗ. ಪರಮಾಣು ಸ್ಥಾವರಗಳ ಪಟ್ಟಿಯನ್ನು ಎರಡೂ ದೇಶಗಳು ಪ್ರತಿ ಜನವರಿ 1ರಂದು ಈಗಲೂ ವಿನಿಮಯ ಮಾಡಿಕೊಳ್ಳುತ್ತವೆ.

ಉತ್ತರ | ಲೆಕ್ಕಪತ್ರ

ಹಂಗಾಮಿ ಅವಧಿಯ ಬಗ್ಗೆ ಇನ್ನೆರಡು ಮಾತು. ಮಾರ್ಚ್ 13ರಂದು ಲೋಕಸಭೆ ವಿಸರ್ಜನೆಯಾದ ನಂತರದ ನೂರು ದಿನಗಳು ಅಧಿಕಾರವಿದ್ದ ದಿನಗಳಿಗಿಂತ ಭಾರವಾಗಿದ್ದವು. ಮೊದಲ ಹಂತದ ಮತದಾನದ ಮರುದಿನ, ಮೇ 21ರಂದು, ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು. ಉಳಿದ ಹಂತಗಳು ಜೂನ್ ಮಧ್ಯಕ್ಕೆ ಮುಂದೂಡಲ್ಪಟ್ಟವು. ಭದ್ರತಾ ಲೋಪದ ತನಿಖೆಗೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗವನ್ನು ನೇಮಿಸಿದ್ದು ಈ ಸರ್ಕಾರವೇ. ಗೃಹ ಖಾತೆ ಪ್ರಧಾನಿಯ ಬಳಿಯೇ ಇದ್ದುದರಿಂದ ಲೋಪದ ಪ್ರಶ್ನೆ ಅವರನ್ನು ಮುಟ್ಟದೆ ಬಿಡಲಿಲ್ಲ.

ಆಮೇಲಿನ ಬದುಕಿನಲ್ಲಿ ಅವರು ಸಮಾಜವಾದಿ ಜನತಾ ಪಕ್ಷದ ಬಹುಮಟ್ಟಿಗೆ ಏಕಾಂಗಿ ಪ್ರತಿನಿಧಿಯಾಗಿ ಉಳಿದರೂ, 2004ರವರೆಗೆ ಪ್ರತಿ ಚುನಾವಣೆಯಲ್ಲೂ ಬಲಿಯಾದಿಂದ ಗೆದ್ದರು. ಒಟ್ಟು ಎಂಟು ಬಾರಿ. 1995ರ ಅತ್ಯುತ್ತಮ ಸಂಸದೀಯ ಪಟು ಪ್ರಶಸ್ತಿ ಅವರಿಗೆ ಸಂದಿತು. ಪಾದಯಾತ್ರೆಯ ನೆನಪಿಗೆ ಹರಿಯಾಣದ ಭೋಂಡ್ಸಿಯಲ್ಲಿ ಕಟ್ಟಿದ ಆಶ್ರಮದ ಬಹುಪಾಲು ಭೂಮಿಯನ್ನು ಪಂಚಾಯಿತಿಗೆ ಹಿಂದಿರುಗಿಸುವಂತೆ ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶಿಸಿದ್ದೂ ದಾಖಲಾಗಬೇಕಾದ ಸಂಗತಿ. 2007ರ ಜುಲೈ 8ರಂದು ಕ್ಯಾನ್ಸರ್‌ನಿಂದ ದೆಹಲಿಯಲ್ಲಿ ನಿಧನರಾದರು.

ಉತ್ತರ | ಒಕ್ಕೂಟವಾದಿ

ಅವರ ಸರ್ಕಾರದ ಹೆಚ್ಚು ಬಾಳಿಕೆಯ ನಿರ್ಧಾರವನ್ನು ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. 1990ರ ಡಿಸೆಂಬರ್ 12ರಂದು ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾದದ್ದು ಈ ಸರ್ಕಾರದ ಕಾಲದಲ್ಲಿ, ಕಾನೂನು ಸಚಿವರಾಗಿದ್ದ ಸುಬ್ರಮಣಿಯನ್ ಸ್ವಾಮಿಯವರ ಒತ್ತಾಸೆಯಿಂದ. ಚುನಾವಣಾ ಆಯೋಗವೆಂದರೆ ಪಕ್ಷಗಳು ಹೆದರುವಂತಾದದ್ದು ಆಮೇಲೆ. ಅದರ ಬಿಸಿ ಮೊದಲು ತಟ್ಟಿದವರಲ್ಲಿ ಚಂದ್ರಶೇಖರ್ ಅವರೂ ಸೇರಿದ್ದರು. ಪಂಜಾಬಿನಲ್ಲಿ ಉಗ್ರಗಾಮಿಗಳೊಂದಿಗೂ ಮಾತನಾಡಬೇಕು, ಚುನಾವಣೆ ನಡೆಸಬೇಕು ಎಂದು ಹಟ ಹಿಡಿದು ಅವರು ಜೂನ್ 22ಕ್ಕೆ ಮತದಾನ ನಿಗದಿಯಾಗುವಂತೆ ಮಾಡಿದ್ದರು. ಕಾಂಗ್ರೆಸ್ ಆ ಚುನಾವಣೆಯನ್ನು ಬಹಿಷ್ಕರಿಸಿತ್ತು, ಹಲವು ಅಭ್ಯರ್ಥಿಗಳು ಹತ್ಯೆಯಾಗಿದ್ದರು, ಆದರೂ ಸಿದ್ಧತೆ ಮುಂದುವರಿದಿತ್ತು. ಮತದಾನಕ್ಕೆ ಒಂದು ದಿನ ಬಾಕಿಯಿರುವಾಗ, ದೆಹಲಿಯಲ್ಲಿ ಅಧಿಕಾರ ಹಸ್ತಾಂತರವಾಗುತ್ತಿದ್ದ ದಿನವೇ, ಶೇಷನ್ ಅದನ್ನು ಮುಂದೂಡಿದರು. ಕೊನೆಗೆ 1992ರ ಫೆಬ್ರವರಿಯಲ್ಲಿ, ಅಕಾಲಿಗಳ ಪ್ರಮುಖ ಬಣಗಳು ಬಹಿಷ್ಕರಿಸಿದ್ದ ಚುನಾವಣೆ ನಡೆದಾಗ, ಮತ ಹಾಕಿದವರು ಸುಮಾರು 24 ಪ್ರತಿಶತ ಮಾತ್ರ, ಗೆದ್ದದ್ದು ಕಾಂಗ್ರೆಸ್.